ಕಾವೆಂಟ್ರಿಯ ಹುಡುಗರ ವಾದ್ಯಮೇಳ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ನಾನು ಸಂಗೀತ ಬಲ್ಲವನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯಲು ಕುಳಿತವನು. ಸಂಜೆಯ ಹೊತ್ತು ಇಲ್ಲಿಗೆ ಬಂದು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ಹೋದ ಪುಸ್ತಕ ಬಂದ ಪುಸ್ತಕಗಳ ಲೆಕ್ಕ ಇಡುವುದು ನನ್ನ ಕೆಲಸ. ಇಂಥವನು ಒಂದು ಆಂಗ್ಲ ವಾದ್ಯಮೇಳದ ಮೇಲೆ ಭಾಷಣ ಮಾಡುತ್ತಾನಂತೆ ಎಂದು ಕೇಳಿ ಕೆಲವರು ನಕ್ಕಿರಬಹುದು. ನಗಲಿ. ಇದಕ್ಕೆ ಕಾರಣನಾದವನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾನೆ.

ಅವನು ಹಗಲು ಕೊರಿಯರ್ ಕಚೇರಿಯಲ್ಲಿ ದುಡಿಯುತ್ತಾನೆ, ರಾತ್ರಿ ಮೂವರು ಗೆಳೆಯರೊಡನೆ ಗಿಟಾರು ಹಿಡಿಯುತ್ತಾನೆ. ಒಂದು ದಿನ ಪತ್ರಿಕೆ ಮಡಚಿಡುತ್ತ, “ಅಣ್ಣಾ, ನಮಗೆ ಕೈಯಲ್ಲಿ ಕಾಸಿಲ್ಲ, ಬೆನ್ನಿಗೆ ದೊಡ್ಡವರಿಲ್ಲ. ನಮ್ಮ ಹಾಡು ಕೇಳುವ ಜನ ಎಲ್ಲಿಂದ ಹುಟ್ಟಬೇಕು?” ಎಂದು ಕೇಳಿದ. ಅಷ್ಟರಲ್ಲಿ ನಾನು, ನಮ್ಮ ಗಿರಣಿಯ ಡಿಸೈನ್ ಖಾತೆಯಲ್ಲಿರುವ ಗೋವೆಯ ಗೆಳೆಯರೊಬ್ಬರ ದೆಸೆಯಿಂದ, ಇಂಗ್ಲೆಂಡಿನ ‘ದಿ ಸ್ಪೆಷಲ್ಸ್’ ಎಂಬ ತಂಡದ ಹಾಡುಗಳನ್ನು ಕೇಳಿದ್ದೆ, ಅವರ ಕಥೆಯನ್ನು ಸ್ವಲ್ಪ ಓದಿಯೂ ಇದ್ದೆ. ಅದನ್ನೇ ಅವನಿಗೆ ಹೇಳತೊಡಗಿದೆ. ಕಾರ್ಯದರ್ಶಿಗಳು ಪಕ್ಕದಲ್ಲಿದ್ದವರು, “ಇದನ್ನು ಒಬ್ಬನಿಗೇಕೆ ಹೇಳುತ್ತೀರಿ, ಭಾನುವಾರ ಎಲ್ಲರಿಗೂ ಹೇಳಿ” ಎಂದುಬಿಟ್ಟರು.

ಈ ತಂಡ ನುಡಿಸಿದ್ದು ‘ಸ್ಕಾ’ ಎಂಬ ಸಂಗೀತ. ಇದು ಇಂಗ್ಲೆಂಡಿನದಲ್ಲ, ಜಮೈಕಾ ದ್ವೀಪದ್ದು. 1950ರ ದಶಕದ ಕೊನೆಯಲ್ಲಿ ಕಿಂಗ್‌ಸ್ಟನ್ ನಗರದ ಬಡವರ ಕೇರಿಗಳಲ್ಲಿ, ದೊಡ್ಡ ದೊಡ್ಡ ಧ್ವನಿವರ್ಧಕಗಳನ್ನು ಬಯಲಿಗೆ ತಂದು, ಅಮೆರಿಕದ ರೆಕಾರ್ಡುಗಳನ್ನು ಹಾಕಿ ಜನ ರಾತ್ರಿಯಿಡೀ ಕುಣಿಯುತ್ತಿದ್ದರು. ಕ್ರಮೇಣ ಅಲ್ಲಿಯ ವಾದ್ಯಗಾರರೇ ತಮ್ಮದೊಂದು ನಡೆಯನ್ನು ಹುಟ್ಟಿಸಿದರು. ಆ ನಡೆ ಎಂಥದ್ದು ಎಂದು ತಾಂತ್ರಿಕವಾಗಿ ಹೇಳಲು ನನಗೆ ಬಾರದು. ಊರಿನಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುವುದನ್ನು ನೋಡಿದವರು ನಮ್ಮಲ್ಲಿ ಇದ್ದಾರಲ್ಲವೆ? ಒಬ್ಬಳ ಒನಕೆ ಮೇಲೆದ್ದಾಗ ಇನ್ನೊಬ್ಬಳದು ಬೀಳುತ್ತದೆ. ಸ್ಕಾದಲ್ಲಿ ತಾಳದ ಪೆಟ್ಟು ಮೊದಲನೆಯ ಒನಕೆ, ಗಿಟಾರು ಮತ್ತು ಪಿಯಾನೊ ಎರಡನೆಯದು. ಅವು ಪೆಟ್ಟಿನ ಮೇಲೆ ಬೀಳುವುದಿಲ್ಲ, ಎರಡು ಪೆಟ್ಟುಗಳ ಸಂದಿನಲ್ಲಿ ಚುರುಕಾಗಿ ಬೀಳುತ್ತವೆ. ಅದರ ಮೇಲೆ ತುತ್ತೂರಿ, ಟ್ರಾಂಬೋನು, ಸ್ಯಾಕ್ಸಫೋನುಗಳ ಅಬ್ಬರ. ಕೇಳುತ್ತ ಸುಮ್ಮನೆ ಕುಳಿತಿರುವುದು ಕಷ್ಟ. 1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾದಾಗ ಅಲ್ಲಿಯ ಬೀದಿಗಳಲ್ಲಿ ಮೊಳಗುತ್ತಿದ್ದದ್ದು ಈ ಸಂಗೀತವೇ. ಅದನ್ನು ನುಡಿಸುತ್ತಿದ್ದ ಹೆಸರಾಂತ ವಾದ್ಯಗಾರರಲ್ಲಿ ಹಲವರು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲ್ ಎಂಬ ಬಡ ಹುಡುಗರ ಶಾಲೆಯಲ್ಲಿ ತುತ್ತೂರಿ ಕಲಿತವರು.

ಹೊಟ್ಟೆಪಾಡಿಗಾಗಿ ಜಮೈಕಾದವರು ಇಂಗ್ಲೆಂಡಿಗೆ ಹಡಗು ಹತ್ತಿದರು. ರೈಲು, ಬಸ್ಸು, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಸೇರಿಕೊಂಡರು. ನಾವು ಟ್ರಂಕಿನಲ್ಲಿ ಹಪ್ಪಳ ಉಪ್ಪಿನಕಾಯಿ ಕಟ್ಟಿಕೊಂಡು ಬಂದ ಹಾಗೆ ಅವರು ರೆಕಾರ್ಡುಗಳನ್ನು ಕಟ್ಟಿಕೊಂಡು ಬಂದರು.

ಇನ್ನು ಕಾವೆಂಟ್ರಿ. ಇದು ಇಂಗ್ಲೆಂಡಿನ ನಡುಭಾಗದ ಕಾರ್ಖಾನೆಯ ಊರು. 1940ರ ನವೆಂಬರ್ 14ರ ರಾತ್ರಿ ಜರ್ಮನರ ಬಾಂಬಿನಿಂದ ಊರಿನ ನಡುಮಧ್ಯ ಸುಟ್ಟುಹೋಯಿತು, ಪುರಾತನ ಕೆಥೀಡ್ರಲಿನ ಗೋಪುರ ಮತ್ತು ಹೊರಗೋಡೆ ಮಾತ್ರ ಉಳಿದವು. ಯುದ್ಧ ಮುಗಿದ ಮೇಲೆ ಕಾರು, ಯಂತ್ರಗಳ ಕಾರ್ಖಾನೆಗಳು ಬೆಳೆದವು. ಒಳ್ಳೆಯ ಕೂಲಿ ಸಿಗುತ್ತದೆಂದು ಐರ್ಲೆಂಡಿನಿಂದ, ನಮ್ಮ ಪಂಜಾಬಿನಿಂದ, ಜಮೈಕಾದಿಂದ ಜನ ಬಂದು ತುಂಬಿದರು. 1970ರ ದಶಕ ಸರಿಯುತ್ತಿದ್ದಂತೆ ಅದೇ ಕಾರ್ಖಾನೆಗಳು ಕುಂಟತೊಡಗಿದವು. ಕೆಲಸ ಕಡಿಮೆಯಾದಾಗ ಏನಾಗುತ್ತದೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. 1982ರ ಮುಷ್ಕರದ ನಂತರ ಪರೇಲ್, ಲಾಲ್‌ಬಾಗಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಕೆಲಸ ಹೋದವನಿಗೆ ಮೊದಲು ಕಣ್ಣಿಗೆ ಬೀಳುವವನು ಪಕ್ಕದ ಪರಊರಿನವನು. ಇಂಗ್ಲೆಂಡಿನಲ್ಲಿ ‘ನ್ಯಾಷನಲ್ ಫ್ರಂಟ್’ ಎಂಬ ಪಕ್ಷ, ಕರಿಯರನ್ನೂ ಏಷ್ಯದವರನ್ನೂ ಊರಿಗೆ ಹಿಂದಕ್ಕೆ ಕಳುಹಿಸಬೇಕೆಂದು ಬೀದಿ ಬೀದಿಯಲ್ಲಿ ಮೆರವಣಿಗೆ ಮಾಡುತ್ತಿತ್ತು. ಕೆಲಸವಿಲ್ಲದ ಬಿಳಿಯ ಹುಡುಗರು, ಅದರಲ್ಲೂ ತಲೆ ಬೋಳಿಸಿ ದಪ್ಪ ಬೂಟು ತೊಡುವ ‘ಸ್ಕಿನ್‌ಹೆಡ್’ ಹುಡುಗರು ಕೆಲವರು, ಅದರ ಬೆನ್ನು ಹತ್ತಿದ್ದರು. ವಿಚಿತ್ರವೆಂದರೆ ಹತ್ತು ವರ್ಷ ಹಿಂದೆ ಇದೇ ಬೋಳುತಲೆಯ ಹುಡುಗರ ಅಣ್ಣಂದಿರು ಜಮೈಕಾದ ಹಾಡಿಗೆ ಮರುಳಾಗಿ ಕುಣಿದವರು.

ಈ ತಂಡವನ್ನು ಕಟ್ಟಿದವನ ಹೆಸರು ಜೆರ್ರಿ ಡ್ಯಾಮರ್ಸ್. ಅವನು ಹುಟ್ಟಿದ್ದೆಲ್ಲಿ ಎಂದುಕೊಂಡಿರಿ? ನಮ್ಮ ಉದಕಮಂಡಲದಲ್ಲಿ! ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು, ಘಟ್ಟ ಹತ್ತಿದರೆ ಸಿಗುತ್ತದಲ್ಲ, ಅದೇ ಊಟಿ. 1955ರ ಮೇ 22ರಂದು. ತಂದೆ ಕ್ರೈಸ್ತ ಪಾದ್ರಿಗಳು. ಮಗುವಿಗೆ ಎರಡು ವರ್ಷವಾದಾಗ ಸಂಸಾರ ಇಂಗ್ಲೆಂಡಿಗೆ ಹೋಯಿತು. ಹೀಗೆಂದ ಮಾತ್ರಕ್ಕೆ ಅವನನ್ನು ನಮ್ಮವನೆಂದು ಹಾರ ಹಾಕಬೇಕೆಂದು ನಾನು ಹೇಳುತ್ತಿಲ್ಲ. ನೀಲಗಿರಿಯ ಚಳಿಯೊಂದು ಬಿಟ್ಟರೆ ಅವನಿಗೆ ಅಲ್ಲಿಂದ ಸಿಕ್ಕಿದ್ದು ಏನೂ ಇರಲಾರದು. ಆದರೂ ಓದುವಾಗ ನನಗೆ ಒಂದು ಕ್ಷಣ ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ?

ಕಾವೆಂಟ್ರಿಯ ಕಾಲೇಜಿನಲ್ಲಿ ಚಿತ್ರಕಲೆ ಕಲಿಯುವಾಗ ಅವನಿಗೆ ಹೊರೇಸ್ ಪ್ಯಾಂಟರ್ ಎಂಬ ಗೆಳೆಯ ಸಿಕ್ಕಿದ. ಇವನು ಆರ್ಗನ್, ಅವನು ಮಂದ್ರದ ಗಿಟಾರು. ಜಮೈಕಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಇಂಗ್ಲೆಂಡಿಗೆ ಬಂದ ಲಿನ್ವಲ್ ಗೋಲ್ಡಿಂಗ್ ಗಿಟಾರಿಗೆ ಬಂದ. ಹಾಡಲು ಟೆರ್ರಿ ಹಾಲ್, ಕಾರು ಕಾರ್ಖಾನೆಗಳನ್ನು ನಂಬಿ ಬದುಕಿದ ಮನೆತನದ ಹುಡುಗ. ಎರಡನೆಯ ಗಿಟಾರಿಗೆ ರಾಡಿ ಬೈಯರ್ಸ್. 1977ರಲ್ಲಿ ಶುರುವಾದಾಗ ತಂಡದ ಹೆಸರು ‘ಆಟೊಮ್ಯಾಟಿಕ್ಸ್’ ಎಂದಿತ್ತು. ಆ ಹೆಸರಿನ ಬೇರೆ ತಂಡವಿದೆಯೆಂದು ತಿಳಿದ ಮೇಲೆ ಬದಲಾಯಿಸಿ ಬದಲಾಯಿಸಿ ಕೊನೆಗೆ ‘ಸ್ಪೆಷಲ್ಸ್’ ಎಂದು ನಿಂತಿತು.

ಈಗ ನಮ್ಮ ಹುಡುಗ ಕಿವಿಗೊಟ್ಟು ಕೇಳಬೇಕಾದ ಮಾತು ಬಂತು. ಮೊದಲ ವರ್ಷ ಇವರ ಆಟ ಅಷ್ಟೇನೂ ಕುದುರಲಿಲ್ಲ. ಕಾರಣವೇನು? ಇವರಲ್ಲಿ ಬಿಳಿಯ ಹುಡುಗರಿಗೆ ಆಗ ಹೊಸದಾಗಿ ಬಂದಿದ್ದ ಪಂಕ್ ಸಂಗೀತದ ಹುಚ್ಚು. ಅದು ಕುದುರೆ ಓಟ. ಜಮೈಕಾದವರಿಗೆ ರೆಗೆ, ಅದು ಎತ್ತಿನ ಗಾಡಿಯ ನಡೆ. ಇವರು ಒಂದು ಹಾಡು ಅದು, ಒಂದು ಹಾಡು ಇದು ಎಂದು ನುಡಿಸುತ್ತಿದ್ದರು. ಕುಣಿಯಲು ಎದ್ದವರು ಅರ್ಧದಲ್ಲಿ ಕಾಲು ತೊಡರಿ ಕುಳಿತುಬಿಡುತ್ತಿದ್ದರು. ಕಚೇರಿಯಲ್ಲಿ ಕುಳಿತು ಯೋಚಿಸಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಎದುರಿಗಿದ್ದ ಜನರ ಕಾಲು ನೋಡಿ ಗೊತ್ತಾಯಿತು. ರೆಗೆಯ ಹಿರಿಯಣ್ಣನಾದ ಹಳೆಯ ಸ್ಕಾದ ನಡೆಯಲ್ಲಿ ಪಂಕಿನ ಬಿರುಸೂ ಕೂಡುತ್ತದೆ, ಜಮೈಕಾದ ಲಯವೂ ಉಳಿಯುತ್ತದೆ ಎಂದು ಡ್ಯಾಮರ್ಸ್ ಕಂಡುಕೊಂಡ. ಹದಿನೈದು ವರ್ಷ ಹಿಂದಿನ ಸಂಗೀತವನ್ನು ಅಟ್ಟದಿಂದ ಇಳಿಸಿದ ಹಾಗೆ ಇಳಿಸಿ, ಧೂಳು ಕೊಡವಿ ನುಡಿಸತೊಡಗಿದರು.

1978ರ ಬೇಸಿಗೆಯಲ್ಲಿ ‘ದಿ ಕ್ಲ್ಯಾಶ್’ ಎಂಬ ಹೆಸರಾದ ಪಂಕ್ ತಂಡದ ಪ್ರವಾಸದಲ್ಲಿ ಇವರಿಗೆ ಮೊದಲು ನುಡಿಸುವ ಅವಕಾಶ ಸಿಕ್ಕಿತು. ಮುಖ್ಯ ತಂಡವನ್ನು ನೋಡಲು ಜನ ಬಂದಿರುತ್ತಾರೆ, ಮೊದಲು ಬಂದವರನ್ನು ಕೂಗಿ ಇಳಿಸಲು ನೋಡುತ್ತಾರೆ. ನಮ್ಮಲ್ಲಿ ಯಕ್ಷಗಾನದ ಪೂರ್ವರಂಗದಲ್ಲಿ ಕುಣಿಯುವ ಹುಡುಗರಿಗೆ ಜನ ಲಕ್ಷ್ಯ ಕೊಡುತ್ತಾರೆಯೆ? ಕಡಲೆಕಾಯಿ ಬಿಡಿಸುತ್ತ ಕುಳಿತಿರುತ್ತಾರೆ. ಈ ಪ್ರವಾಸದಲ್ಲಿ ಸಾಮಾನು ಹೊರಲು ಬಂದಿದ್ದ ನೆವಿಲ್ ಸ್ಟೇಪಲ್ ಎಂಬ ಜಮೈಕಾದ ಹುಡುಗ, ಧ್ವನಿ ಯಂತ್ರದ ಬಳಿ ಕುಳಿತವನು, ಒಂದು ಮೈಕು ಹಚ್ಚಿ ಹಾಡಿನ ನಡುವೆ ತನ್ನ ಊರಿನ ರೀತಿಯಲ್ಲಿ ಮಾತು ಪೋಣಿಸಿ ಕೂಗತೊಡಗಿದ. ಜನ ತಿರುಗಿ ನೋಡಿದರು. ತಂಡದವರು ಅವನನ್ನು ವೇದಿಕೆಗೇ ಕರೆದುಕೊಂಡರು. ಹೀಗೆ ಹಮಾಲಿ ಮಾಡುತ್ತಿದ್ದವನು ಹಾಡುಗಾರನಾದ.

ಅದೇ ಪ್ರವಾಸದಲ್ಲಿ ಬ್ರಾಕ್ನೆಲ್ ಎಂಬ ಊರಿನ ಆಟದ ದಿನ ಬೋಳುತಲೆಯ ಪುಂಡರ ಗುಂಪು ನುಗ್ಗಿ, ಜೊತೆಗಿದ್ದ ‘ಸೂಯಿಸೈಡ್’ ಎಂಬ ಅಮೆರಿಕದ ತಂಡದ ಹಾಡುಗಾರನ ಮೇಲೆ ವೇದಿಕೆ ಹತ್ತಿ ಕೈಮಾಡಿತು. ತಮ್ಮ ತಂಡ ಏನಾಗಬೇಕೆಂಬ ಕಲ್ಪನೆ ಹುಟ್ಟಿದ್ದು ಆ ರಾತ್ರಿ ಎಂದು ಡ್ಯಾಮರ್ಸ್ ಬಹಳ ವರ್ಷಗಳ ಮೇಲೆ ಹೇಳಿಕೊಂಡಿದ್ದಾನೆ. ಈ ಪುಂಡರನ್ನು ಬಿಟ್ಟು ಬೇರೆ ಸಭ್ಯ ಜನರನ್ನು ಹುಡುಕಿಕೊಂಡು ಹೋಗೋಣ ಎಂದು ಅವನಿಗೆ ಅನ್ನಿಸಲಿಲ್ಲ. ಇದೇ ಹುಡುಗರು ಬಂದು ನಿಲ್ಲುವಂಥ ಸಂಗೀತ ಮಾಡಬೇಕು, ಅದನ್ನು ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ನಿಂತು ಅವರ ಕಣ್ಣೆದುರಿಗೆ ನುಡಿಸಬೇಕು ಎನ್ನಿಸಿತು. ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಇದೇ.

ರೆಕಾರ್ಡು ಮಾಡಿದ ಬಗೆ ಗುಮಾಸ್ತರಿಗೆ ರುಚಿಸುವಂಥದ್ದು. ಫ್ರಾನ್ಸಿಗೆ ನುಡಿಸಲು ಹೋದಾಗ, ಹಿಂದೆ ಉಳಿದುಕೊಂಡಿದ್ದ ಬೇರೊಂದು ತಂಡ ಮಾಡಿದ ನಷ್ಟವನ್ನು ನೀವೇ ತುಂಬಿರಿ ಎಂದು ಹೋಟೆಲಿನವರು ಇವರ ಗಿಟಾರುಗಳನ್ನು ಹಿಡಿದಿಟ್ಟುಕೊಂಡರು. ಆ ಸಿಟ್ಟಿನಿಂದ ಹುಟ್ಟಿದ ಹಾಡು ‘ಗ್ಯಾಂಗ್‌ಸ್ಟರ್ಸ್’. 1979ರ ಆರಂಭದಲ್ಲಿ 700 ಪೌಂಡು ಸಾಲ ಎತ್ತಿ ಅದನ್ನು ಧ್ವನಿಮುದ್ರಿಸಿದರು. ಹಣ ಒಂದು ಬದಿಗೇ ಮುಗಿಯಿತು! ರೆಕಾರ್ಡಿಗೆ ಎರಡು ಬದಿ ಬೇಕಲ್ಲ? ಅದೇ ಊರಿನ ನೋಯೆಲ್ ಡೇವಿಸ್ ಎಂಬಾತ ಮೊದಲೇ ಮುದ್ರಿಸಿಟ್ಟಿದ್ದ ಬರಿಯ ವಾದ್ಯದ ತುಣುಕೊಂದನ್ನು ಕೇಳಿ ಪಡೆದು ಎರಡನೆಯ ಬದಿಗೆ ಹಾಕಿದರು. ಆ ತುಣುಕಿಗೆ ‘ದಿ ಸೆಲೆಕ್ಟರ್’ ಎಂದು ಹೆಸರಿಟ್ಟರು. ಅದರಲ್ಲಿ ಡ್ರಮ್ಮು ಬಾರಿಸಿದ್ದ ಜಾನ್ ಬ್ರಾಡ್‌ಬರಿ ಇವರ ತಂಡಕ್ಕೇ ಬಂದ. ಮುಂದೆ ಡೇವಿಸ್ ‘ಸೆಲೆಕ್ಟರ್’ ಎಂಬ ಹೆಸರಿನಲ್ಲೇ ಬೇರೆ ತಂಡ ಕಟ್ಟಿದ, ಅದೂ ಪ್ರಸಿದ್ಧವಾಯಿತು. ಒಬ್ಬರ ಬಡತನದಿಂದ ಎರಡು ತಂಡಗಳು ಬೆಳಕಿಗೆ ಬಂದವು.

ಕಂಪನಿಯ ಬಾಗಿಲು ಕಾಯದೆ ತಮ್ಮದೇ ಮುದ್ರೆ ಮಾಡಿಕೊಂಡರು, ‘ಟೂ ಟೋನ್’ ಎಂದು. ಎರಡು ಬಣ್ಣ, ಎಂದರೆ ಕಪ್ಪು ಮತ್ತು ಬಿಳಿ. ಚದುರಂಗದ ಮಣೆಯಂಥ ಚೌಕಗಳು, ಕರಿಯ ಸೂಟು ಬಿಳಿಯ ಅಂಗಿ ತೊಟ್ಟ ಒಬ್ಬ ಮನುಷ್ಯನ ಚಿತ್ರ. ಮೊದಲ 5,000 ಪ್ರತಿಗಳ ಬಿಳಿ ಲಕೋಟೆಗಳ ಮೇಲೆ ರಬ್ಬರ್ ಸ್ಟಾಂಪಿನಿಂದ ಕೈಯಾರೆ ಹೆಸರು ಒತ್ತಿದರು. ದಿನಕ್ಕೆ ಇನ್ನೂರು ಚೀಟಿಗೆ ಸ್ಟಾಂಪು ಒತ್ತುವ ನನಗೆ ಆ ಭುಜದ ನೋವು ಅರ್ಥವಾಗುತ್ತದೆ. ಆ ಹಾಡು ದೇಶದ ಮಾರಾಟದ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ ಏರಿತು. ಅನಂತರ ದೊಡ್ಡ ಕಂಪನಿಯೊಂದು ಬಂದು ಒಪ್ಪಂದ ಮಾಡಿಕೊಂಡಾಗಲೂ, ನಮ್ಮ ಮುದ್ರೆ ನಮಗಿರಲಿ, ಬೇರೆ ಹೊಸ ತಂಡಗಳ ಹಾಡನ್ನೂ ನಾವು ತರುತ್ತೇವೆ ಎಂದು ಇವರು ಕರಾರು ಹಾಕಿದರು.

ರೆಕಾರ್ಡಿಗಿಂತ ಮುಂಚೆ ಜನ ಸೇರಿದ್ದು ಪ್ರತ್ಯಕ್ಷ ಆಟಗಳಿಂದ. ಏಳು ಜನ ವೇದಿಕೆಯ ಮೇಲೆ ನಿಂತು ನುಡಿಸುತ್ತಿರಲಿಲ್ಲ, ಹಾರುತ್ತಿದ್ದರು. ಸ್ಟೇಪಲ್ ಧ್ವನಿಪೆಟ್ಟಿಗೆಗಳ ಮೇಲೆ ಹತ್ತಿ ಇಳಿಯುತ್ತಿದ್ದ. ಟೆರ್ರಿ ಹಾಲ್ ಒಬ್ಬನೇ ಇದೆಲ್ಲದರ ನಡುವೆ ಮುಖ ಗಂಟಿಕ್ಕಿಕೊಂಡು, ಸಂಬಳ ತಡವಾದ ಗುಮಾಸ್ತನಂತೆ ನಿಂತು ಹಾಡುತ್ತಿದ್ದ. ಅದೂ ಜನಕ್ಕೆ ಹಿಡಿಸಿತು. ಕೊನೆಯ ಹಾಡಿನ ಹೊತ್ತಿಗೆ ಸಭೆಯ ಅರ್ಧ ಜನ ವೇದಿಕೆಯ ಮೇಲಿರುತ್ತಿದ್ದರು. ಊರಿಂದೂರಿಗೆ ಹಿಂಬಾಲಿಸಿ ಬಂದ ಹುಡುಗರಿಗೆ ರಾತ್ರಿ ಮಲಗಲು ಜಾಗವಿಲ್ಲದಿದ್ದರೆ ತಮ್ಮ ಹೋಟೆಲಿನ ಕೋಣೆಯ ನೆಲದ ಮೇಲೆ ಮಲಗಿಸಿಕೊಳ್ಳುತ್ತಿದ್ದರು. ಒಂದು ಖೋಲಿಯಲ್ಲಿ ಎಂಟು ಜನ ಮಲಗಿ ಬದುಕು ಆರಂಭಿಸಿದ ನಮಗೆ ಇದು ದೊಡ್ಡದೆನಿಸದು. ಆದರೆ ಮಾರನೆಯ ದಿನ ಆ ಹುಡುಗ ತನ್ನೂರಿಗೆ ಹೋಗಿ ಹತ್ತು ಜನರಿಗೆ ಹೇಳಿದನಲ್ಲ, ಅಂಥ ಜಾಹೀರಾತು ಯಾವ ಪತ್ರಿಕೆಯಲ್ಲೂ ಸಿಗದು.

1979ರ ಅಕ್ಟೋಬರ್ 19ರಂದು ಬ್ರೈಟನ್ ಎಂಬ ಕಡಲತೀರದ ಊರಿನಿಂದ ಮೂರು ತಂಡಗಳ ಪ್ರವಾಸ ಹೊರಟಿತು: ಸ್ಪೆಷಲ್ಸ್, ಸೆಲೆಕ್ಟರ್, ಮತ್ತು ಲಂಡನ್ನಿನ ಕ್ಯಾಮ್ಡನ್ ಭಾಗದ ‘ಮ್ಯಾಡ್‌ನೆಸ್’. ನಮ್ಮ ಮೇಳಗಳು ತಿರುಗಾಟಕ್ಕೆ ಹೊರಡುವಂತೆಯೇ. ನವೆಂಬರ್ 8ರಂದು ಬಿ.ಬಿ.ಸಿ.ಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದಲ್ಲಿ ಮೂರೂ ತಂಡಗಳು ಒಂದೇ ರಾತ್ರಿ ಕಾಣಿಸಿಕೊಂಡವು. ಸ್ಪೆಷಲ್ಸ್ ಜೊತೆಗೆ ಟ್ರಾಂಬೋನು ನುಡಿಸಿದ ರೀಕೊ ರಾಡ್ರಿಗೆಸ್ ಎಂಬ ಹಿರಿಯರ ಹೆಸರು ಹೇಳದೆ ಮುಂದೆ ಹೋಗಬಾರದು. 1934ರಲ್ಲಿ ಹುಟ್ಟಿದವರು, ನಾನು ಆಗಲೇ ಹೇಳಿದ ಆಲ್ಫಾ ಶಾಲೆಯಲ್ಲಿ ಕಲಿತವರು, 1961ರಲ್ಲಿ ಇಂಗ್ಲೆಂಡಿಗೆ ಬಂದವರು. 1967ರಲ್ಲಿ ಡ್ಯಾಂಡಿ ಲಿವಿಂಗ್‌ಸ್ಟನ್ ಹಾಡಿದ ರೂಡಿ ಎಂಬ ಪೋಲಿ ಹುಡುಗನ ಹಾಡಿಗೆ ಅವರೇ ಟ್ರಾಂಬೋನು ನುಡಿಸಿದ್ದರು. ಹನ್ನೆರಡು ವರ್ಷದ ಮೇಲೆ ಸ್ಪೆಷಲ್ಸ್ ಹುಡುಗರು ಅದೇ ಹಾಡನ್ನು ಎತ್ತಿಕೊಂಡಾಗ, ಬೇರೆ ಯಾರನ್ನೋ ಕರೆಯದೆ ಅವರನ್ನೇ ಹುಡುಕಿಕೊಂಡು ಹೋಗಿ ನುಡಿಸಿರೆಂದು ಕೇಳಿದರು. ಹಳಬರ ಸೊತ್ತನ್ನು ಎತ್ತಿಕೊಂಡ ಮೇಲೆ ಹಳಬರನ್ನು ವೇದಿಕೆಗೆ ಕರೆಯುವ ಬುದ್ಧಿ ಎಲ್ಲರಿಗೂ ಇರುವುದಿಲ್ಲ.

1980ರ ಫೆಬ್ರವರಿಯಲ್ಲಿ ಇವರ ರೆಕಾರ್ಡು ಮೊದಲನೆಯ ಸ್ಥಾನಕ್ಕೆ ಬಂತು, ಎರಡು ವಾರ ಅಲ್ಲೇ ನಿಂತಿತು. ಅದು ಸ್ಟುಡಿಯೋದಲ್ಲಿ ಮಾಡಿದ್ದಲ್ಲ. ಪ್ರತ್ಯಕ್ಷ ಆಟದಲ್ಲೇ ಮುದ್ರಿಸಿದ್ದು, ಜನರ ಕೂಗಾಟ ಸಮೇತ. ಒಂದು ಬದಿ ಲಂಡನ್ನಿನ ಲೈಸಿಯಂ ಸಭಾಂಗಣದ್ದು, ಇನ್ನೊಂದು ಬದಿ ತಮ್ಮ ಕಾವೆಂಟ್ರಿಯ ‘ಟಿಫನೀಸ್’ ಎಂಬ ನೃತ್ಯಶಾಲೆಯದು. ಆ ಶಾಲೆಯ ಮಾತನ್ನು ಮತ್ತೆ ಎತ್ತುತ್ತೇನೆ.

ಇಷ್ಟರವರೆಗಿನದು ಗೆಲುವಿನ ಕಥೆ. ಈಗ ಕಷ್ಟದ ಮಾತು. ಜನ ಸೇರಿದರು ಎಂದೆ, ಯಾವ ಜನ? ಡ್ಯಾಮರ್ಸ್ ಯಾರನ್ನು ಬಯಸಿದ್ದನೋ ಅವರೇ ಬಂದರು. ಕರಿಯ ಹುಡುಗರ ಪಕ್ಕದಲ್ಲಿ ಕುಣಿದು ಮನಸ್ಸು ತಿರುಗಿದವರೂ ಬಂದರು, ಹೊಡೆದಾಡಲೆಂದೇ ಬಂದವರೂ ಬಂದರು. ವೇದಿಕೆಯ ಮೇಲಿನ ಕರಿಯರ ಹಾಡಿಗೆ ಕುಣಿಯುತ್ತಲೇ ನ್ಯಾಷನಲ್ ಫ್ರಂಟಿನ ಘೋಷಣೆ ಕೂಗುವವರಿದ್ದರು! 1979ರ ಪ್ರವಾಸದಲ್ಲಿ ಹ್ಯಾಟ್‌ಫೀಲ್ಡ್ ಎಂಬಲ್ಲಿ ಆಯುಧ ಹಿಡಿದ ಗುಂಪು ನುಗ್ಗಿ ಜನ ಗಾಯಗೊಂಡರು. ಹೊಡೆದಾಟ ಕಂಡರೆ ಇವರು ಹಾಡು ನಿಲ್ಲಿಸುತ್ತಿದ್ದರು. 1980ರ ಅಕ್ಟೋಬರಿನಲ್ಲಿ ಕೇಂಬ್ರಿಡ್ಜ್ ಊರಿನ ಆಟದಲ್ಲಿ ಪ್ರೇಕ್ಷಕರಿಗೂ ಕಾವಲಿನವರಿಗೂ ಜಗಳ ಹತ್ತಿ, ಬಿಡಿಸಲು ಹೋದ ಡ್ಯಾಮರ್ಸ್, ಟೆರ್ರಿ ಹಾಲ್ ಇಬ್ಬರನ್ನೂ ಪೊಲೀಸರು ಹಿಡಿದರು. ಜನರನ್ನು ಉದ್ರೇಕಿಸಿದರೆಂದು ಕೋರ್ಟು ದಂಡ ಹಾಕಿತು. ಜಗಳ ಬಿಡಿಸಿದವನಿಗೆ ದಂಡ!

ಇಲ್ಲಿ ನನ್ನದೊಂದು ಮಾತು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಒಂದು ಸಂಘದ ರಾಜ್ಯೋತ್ಸವದಲ್ಲಿ, ಯಾವ ಸಂಘವೆಂದು ಕೇಳಬೇಡಿ, ನಾನು ಮೈಕಿನ ಉಸ್ತುವಾರಿಯಲ್ಲಿದ್ದೆ. ನಮ್ಮ ಹಾಡುಗಾರರಿಗೆ ಢೋಲಕಿ ಬಾರಿಸಲು ನನ್ನ ಚಾಳಿನವರೇ ಆದ ಮರಾಠಿ ಕಾಕಾ ಒಬ್ಬರನ್ನು ಕರೆದುಕೊಂಡು ಬಂದಿದ್ದೆ. ಬಹಳ ಒಳ್ಳೆಯ ಕೈ. ಕಾಸು ಬೇಡವೆಂದು ಬಂದವರು. ಎರಡನೆಯ ಹಾಡಿಗೆ ಹಿಂದಿನ ಸಾಲಿನಿಂದ ನಾಲ್ಕೈದು ಹುಡುಗರು, “ನಮ್ಮ ಸಭೆಗೆ ನಮ್ಮವರು ಸಿಗಲಿಲ್ಲವೇ?” ಎಂದು ಕೂಗಿದರು. ಆಮೇಲೆ ಅದಕ್ಕಿಂತ ಕೆಟ್ಟ ಮಾತೂ ಬಂತು. ಕಾಕಾ ಅವರಿಗೆ ಕನ್ನಡ ಪೂರ್ತಿ ಬಾರದು, ಆದರೆ ಇಪ್ಪತ್ತು ವರ್ಷ ನಮ್ಮ ನೆರೆಯಲ್ಲಿದ್ದವರಿಗೆ ಅಷ್ಟು ಅರ್ಥವಾಗದೆ ಇರುತ್ತದೆಯೆ? ನಾನು ಮಾಡಿದ್ದೇನು? ಮೈಕಿನ ಶಬ್ದ ಏರಿಸಿದೆ. ಹಾಡು ಜೋರಾದರೆ ಕೂಗು ಕೇಳಿಸದು, ಸಭೆ ಕೆಡದು ಎಂದುಕೊಂಡೆ. ಸಭೆ ಕೆಡಲಿಲ್ಲ. ಅಧ್ಯಕ್ಷರು ಕಾರ್ಯಕ್ರಮ ಸುಸೂತ್ರವಾಗಿ ನಡೆಯಿತೆಂದು ವರದಿಯಲ್ಲಿ ಬರೆಸಿದರು. ಆ ವರದಿಯನ್ನು ಬರೆದ ಕೈಯೂ ನನ್ನದೇ. ಕಾಕಾ ಢೋಲಕಿಗೆ ಗವಸು ಹಾಕಿಕೊಂಡು ಹೋದವರು ಮತ್ತೆ ಯಾವ ಕನ್ನಡ ಸಭೆಗೂ ಬಾರಿಸಲು ಬಂದಿಲ್ಲ. ನೀರಿನ ಸರದಿಯಲ್ಲಿ ಸಿಕ್ಕಾಗ ಕುಶಲ ಕೇಳುತ್ತಾರೆ, ಅಷ್ಟೆ.

ಇದರಿಂದಲೇ ಇರಬೇಕು, ಇವರು ಹಾಡು ನಿಲ್ಲಿಸುತ್ತಿದ್ದರು ಎಂದು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಟಿಕೆಟು ಕೊಟ್ಟು ಬಂದ ಜನರ ಎದುರಿಗೆ ಹಾಡು ನಿಲ್ಲಿಸುವುದು ಸುಲಭವಲ್ಲ. ನಿಲ್ಲಿಸಿದ್ದರಿಂದ ಹೊಡೆದಾಟ ಪ್ರತಿ ಸಲವೂ ನಿಂತಿತೆಂದೂ ಅಲ್ಲ.

1981ರ ಏಪ್ರಿಲಿನಲ್ಲಿ ಅವರ ಕಾವೆಂಟ್ರಿಯಲ್ಲೇ, ಹಾಡುಹಗಲು, ಊರ ನಡುವಿನ ಪೇಟೆಯಲ್ಲಿ, ಪಂಜಾಬಿ ಮನೆತನದ ಒಬ್ಬ ವಿದ್ಯಾರ್ಥಿಯನ್ನು ಬಿಳಿಯ ಪುಂಡರು ಇರಿದು ಕೊಂದರು. ಇಪ್ಪತ್ತರ ಹರೆಯದ ಹುಡುಗ. ಅದಕ್ಕೆ ಮೊದಲು, 1980ರಲ್ಲಿ, ತಂಡದ ಗೋಲ್ಡಿಂಗನೇ ಲಂಡನ್ನಿನಲ್ಲಿ ಚರ್ಮದ ಬಣ್ಣದ ಕಾರಣಕ್ಕೆ ಪೆಟ್ಟು ತಿಂದಿದ್ದ; ಏಕೆ ಹೊಡೆದಿರಿ ಎಂದು ಹೊಡೆದವರನ್ನೇ ಕೇಳುವ ಹಾಡೊಂದನ್ನು ಬರೆದಿದ್ದ. 1981ರ ಜೂನ್ 20ರಂದು ಸ್ಪೆಷಲ್ಸ್ ತಮ್ಮೂರಿನ ಬಟ್ಸ್ ಮೈದಾನದಲ್ಲಿ ವರ್ಣದ್ವೇಷದ ವಿರುದ್ಧ ಆಟವಿಟ್ಟರು, ಬಂದ ಹಣವನ್ನು ಆ ಕೆಲಸಕ್ಕೇ ಎಂದು ಗೊತ್ತುಮಾಡಿದರು. ಅಪರಿಚಿತ ಊರಿನಲ್ಲಿ ಧೈರ್ಯದ ಮಾತಾಡುವುದು ಬೇರೆ. ಇದು ಅವರ ಅಪ್ಪ ಅಮ್ಮಂದಿರು, ಶಾಲೆಯ ಗೆಳೆಯರು, ಸಾಲಗಾರರು ಇರುವ ಊರು.

ಅದೇ ತಿಂಗಳು ಹೊರಬಂದ ಹಾಡು ‘ಘೋಸ್ಟ್ ಟೌನ್’, ದೆವ್ವದ ಊರು. ಪ್ರವಾಸದಲ್ಲಿ ಗ್ಲಾಸ್ಗೋ ನಗರದ ಬೀದಿಯಲ್ಲಿ ಮುದುಕಿಯರು ಮನೆಯ ಬಟ್ಟಲು ಬಸಿಗಳನ್ನು ತಂದು ಮಾರಲು ಕುಳಿತಿದ್ದನ್ನು ಡ್ಯಾಮರ್ಸ್ ನೋಡಿದ್ದನಂತೆ. ನೃತ್ಯಶಾಲೆಗಳು ಮುಚ್ಚಿದ, ಹುಡುಗರಿಗೆ ಕೆಲಸವಿಲ್ಲದ, ಜಗಳ ಹೆಚ್ಚಿದ ಊರಿನ ಚಿತ್ರ ಅದು. ಕೇಳಿದರೆ ಹಾಳು ಬಿದ್ದ ಗಿರಣಿಯೊಳಗೆ ಗಾಳಿ ಬೀಸಿದ ಹಾಗಿದೆ. ಅದೇ ಜುಲೈನಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್ ಮೊದಲಾದ ಕಡೆ ಗಲಭೆಗಳೆದ್ದಾಗ ಈ ಹಾಡು ಮೊದಲನೆಯ ಸ್ಥಾನದಲ್ಲಿ ಮೂರು ವಾರ ಇತ್ತು.

ಆ ಹೊತ್ತಿಗೇ ತಂಡ ಒಡೆಯಿತು. ಹಾಲ್, ಗೋಲ್ಡಿಂಗ್, ಸ್ಟೇಪಲ್ ಮೂವರೂ ಹೊರಟುಹೋದರು. ಎರಡೂ ಚಿಲ್ಲರೆ ವರ್ಷ ಪ್ರವಾಸ, ಒಳಗಿನ ಭಿನ್ನಾಭಿಪ್ರಾಯ, ದಣಿವು. ಒಂದಾದ ಮೇಲೊಂದು ಏಳು ರೆಕಾರ್ಡುಗಳು ಮೊದಲ ಹತ್ತರೊಳಗೆ ಬಂದಿದ್ದವು. ಅದರಿಂದ ಮನಸ್ತಾಪ ಕೂಡಲಿಲ್ಲ. ಡ್ಯಾಮರ್ಸ್ ಉಳಿದವರನ್ನು ಕಟ್ಟಿಕೊಂಡು 1984ರಲ್ಲಿ, ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾರ ಬಿಡುಗಡೆಗಾಗಿ 'ನೆಲ್ಸನ್ ಮಂಡೇಲಾ' ಎಂಬ ಹಾಡು ಮಾಡಿದ, ಅದು ಲೋಕವನ್ನೇ ಸುತ್ತಿತು. ಹಳೆಯ ತಂಡ 2009ರಲ್ಲಿ ಮತ್ತೆ ಕೂಡಿ ಆಟಕ್ಕೆ ಹೊರಟಾಗ ಅದನ್ನು ಕಟ್ಟಿದ ಡ್ಯಾಮರ್ಸ್ ಮಾತ್ರ ಅದರಲ್ಲಿ ಇರಲಿಲ್ಲ. ಬ್ರಾಡ್‌ಬರಿ 2015ರಲ್ಲಿ, ಟೆರ್ರಿ ಹಾಲ್ 2022ರ ಡಿಸೆಂಬರಿನಲ್ಲಿ ತೀರಿಕೊಂಡರು.

ಇನ್ನು ಆ ನೃತ್ಯಶಾಲೆ. 1960ರಲ್ಲಿ ‘ಲೊಕಾರ್ನೊ’ ಎಂಬ ಹೆಸರಿನಲ್ಲಿ ತೆರೆದದ್ದು ಮುಂದೆ ಟಿಫನೀಸ್ ಆಯಿತು ಎಂದೆನಲ್ಲ. ಕಾರ್ಖಾನೆಯ ಹುಡುಗ ಹುಡುಗಿಯರು ವಾರದ ಕೂಲಿ ಬಂದ ದಿನ ಕುಣಿಯಲು ಹೋಗುತ್ತಿದ್ದ ಜಾಗ. ಅದೂ ಮುಚ್ಚಿತು. ಆಮೇಲೆ 1986ರಲ್ಲಿ ಆ ಕಟ್ಟಡ ಕಾವೆಂಟ್ರಿ ನಗರದ ಕೇಂದ್ರ ಗ್ರಂಥಾಲಯವಾಯಿತು! ಮೊದಲನೆಯ ಸ್ಥಾನಕ್ಕೆ ಬಂದ ಆ ರೆಕಾರ್ಡಿನ ಎರಡನೆಯ ಬದಿಯಲ್ಲಿ ಕೇಳುವ ಕೂಗಾಟವೆಲ್ಲ, ಜನ ಪುಸ್ತಕ ತೆಗೆದುಕೊಳ್ಳುವ ಕಟ್ಟಡವಾದ ಜಾಗದ್ದು. ಪುಸ್ತಕದ ಲೆಕ್ಕ ಇಡುವ ನನಗೆ ಇದನ್ನು ಓದಿ ಆದ ಖುಷಿ, ಊಟಿಯ ಸುದ್ದಿಗಿಂತ ಹೆಚ್ಚು.

ನನ್ನ ಮಾತು ಇಷ್ಟೆ. ಈಗ ಗೋವೆಯ ಗೆಳೆಯರು ತಮ್ಮ ಮೊಬೈಲನ್ನು ನಮ್ಮ ಮೈಕಿನ ಪೆಟ್ಟಿಗೆಗೆ ಜೋಡಿಸಿ ಆ ಎರಡನೆಯ ಬದಿಯನ್ನೂ ದೆವ್ವದ ಊರಿನ ಹಾಡನ್ನೂ ಕೇಳಿಸುತ್ತಾರೆ. ಓದುವ ಕೋಣೆಯಲ್ಲಿ ಪತ್ರಿಕೆ ನೋಡುತ್ತಿರುವವರಿಗೆ ತೊಂದರೆಯಾಗದಂತೆ ನಡುವಿನ ಬಾಗಿಲು ಹಾಕಿರಿ. ಎರಡನೆಯ ಪಾಳಿಗೆ ಹೋಗುವವರು ಪಕ್ಕದ ಬಾಗಿಲಿನಿಂದ ಹೋಗಬಹುದು, ಚಪ್ಪಲಿ ಅಲ್ಲೇ ಇಟ್ಟಿದ್ದೇವೆ. ಮುಂದಿನ ತಿಂಗಳು ನಮ್ಮ ಹುಡುಗರ ಗಿಟಾರು ತಂಡ ಇದೇ ಕೋಣೆಯಲ್ಲಿ ನುಡಿಸುವುದೆಂದು ಗೊತ್ತಾಗಿದೆ, ತಾಳಕ್ಕೆ ಅವರಲ್ಲಿ ಯಾರೂ ಇಲ್ಲ. ಮೊನ್ನೆ ರಾತ್ರಿ ಕಾಕಾ ಅವರ ಖೋಲಿಗೆ ಹೋಗಿ ಕೇಳಿದೆ. ಅಂದಿನ ಮೈಕಿನ ವಿಷಯವನ್ನೂ ನಾನೇ ಎತ್ತಿದೆ. ಅವರು ಚಹ ತರಿಸಿದರು, ಢೋಲಕಿಯ ಒಂದು ಬದಿಯ ಚರ್ಮ ಹೋಗಿದೆ, ಹೊದಿಸಬೇಕು ಎಂದರು. ಬರುತ್ತೇನೆಂದು ಹೇಳಲಿಲ್ಲ. ಚರ್ಮ ಹೊದಿಸುವ ಖರ್ಚಿಗೆ ಮೇಜಿನ ಮೇಲೆ ಡಬ್ಬಿ ಇಟ್ಟಿದ್ದೇನೆ.